ಗೋದಾಮಿನ ತಣ್ಣನೆಯ ಮೂಲೆ

ಬೋರ್ಡೋ ಎಂಬ ಹೆಸರು ಕೇಳದ ತೋಟಗಾರ ಸಕಲೇಶಪುರ ಸೀಮೆಯ ಹೆತ್ತೂರು ಹೋಬಳಿಯಲ್ಲಿ ಒಬ್ಬನೂ ಸಿಗಲಾರ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಡ್ರಮ್ಮಿನ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಬೆರೆಸುತ್ತೇವೆ. ಆಕಾಶದ ನೀಲಿ ಬಂದ ಮೇಲೆ ಮಸೆದ ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಕೊಳೆಗೂ ಮಲೆನಾಡು ಇವತ್ತಿಗೂ ನಂಬಿರುವುದು ಈ ಬೋರ್ಡೋ ದ್ರಾವಣವನ್ನೇ.

ಅದು ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಯಂಚಿನ ಬಳ್ಳಿಗಳ ಹಣ್ಣನ್ನು ಹೋಗಿ ಬರುವವರು ಕೀಳದಿರಲೆಂದು ರೈತರು ಮೈಲುತುತ್ತ, ಸುಣ್ಣ ಕಲಸಿ ಎಲೆಗೆ ಎರಚುತ್ತಿದ್ದರಂತೆ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ದೆ ಆ ದಾರಿಯಲ್ಲಿ ನಡೆಯುವಾಗ ಒಳಗಿನ ಬಳ್ಳಿಗಳ ಎಲೆಯೆಲ್ಲ ಬೂಜುರೋಗಕ್ಕೆ ಉದುರಿದ್ದವು, ದಾರಿಯಂಚಿನ ನೀಲಿ ಎಲೆಗಳು ಮಾತ್ರ ಹಸಿರಾಗಿಯೇ ಉಳಿದಿದ್ದವು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅವರು ಈ ಮದ್ದನ್ನು ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ಹೀಗೆ ನೂರು ವರ್ಷಕ್ಕೂ ಮೇಲ್ಪಟ್ಟು ಆ ಊರಿನ ಮದ್ದು ನಮ್ಮ ಬೆಳೆ ಕಾಯುತ್ತ ಬಂದಿದೆ. ಆ ಮದ್ದು ಯಾವ ಹಣ್ಣನ್ನು ಉಳಿಸಲು ಹುಟ್ಟಿತೋ ಆ ಹಣ್ಣಿನ ರಸ ಎಂಥದು, ಅದನ್ನು ನಮ್ಮ ಮಳೆನಾಡಿನಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ನಾನು ತಿಳಿದದ್ದು ಎರಡು ಬಾಟಲಿಗಳಿಂದ.

ಹೆತ್ತೂರು ದಾಟಿ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಸೋದರಮಾವನ ಮನೆ. ಅವರ ಮಗ ಫ್ರಾನ್ಸಿನ ತುಲೂಸ್‌ನಲ್ಲಿ ವಿಮಾನ ಕಟ್ಟುವ ಕೆಲಸದಲ್ಲಿದ್ದ. 2014ರಲ್ಲಿ ಗಂಡ ಹೆಂಡತಿ ಊರಿಗೆ ಬರುವಾಗ ಸುಂಕವಿಲ್ಲದೆ ತರಬಹುದಾದ ತಲಾ ಎರಡು ಲೀಟರಿನ ಮಿತಿಯೊಳಗೆ ನಾಲ್ಕು ಬಾಟಲಿ ವೈನು ತಂದರು. ನಾಲ್ಕೂ ಬೋರ್ಡೋ ಸೀಮೆಯ ಮೆದೋಕ್‌ನ ಒಂದೇ ಶಾತೋದವು, ಅಂದರೆ ಒಂದೇ ದ್ರಾಕ್ಷಿ ತೋಟದವು, 2010ರ ಸುಗ್ಗಿಯವು. ತುಲೂಸ್ ಇರುವುದು ಗರೋನ್ ನದಿಯ ದಂಡೆಯಲ್ಲಿ. ಆ ನದಿ ಕೆಳಗಿಳಿದು, ಬೋರ್ಡೋ ಊರು ದಾಟಿ, ದೋರ್ದೋನ್ ಎಂಬ ಇನ್ನೊಂದು ನದಿಯನ್ನು ಕೂಡಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಕಡಲು ಸೇರುತ್ತದೆ. ಎಡದಂಡೆಯ ಮೆದೋಕ್‌ನಲ್ಲಿ ನುರುಜುಗಲ್ಲಿನ ನೆಲ. ಅಲ್ಲಿ ಕ್ಯಾಬರ್ನೆ ಸೋವಿನ್ಯೋ ಎಂಬ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ ಮುಂದು. ಬಲದಂಡೆಯ ಸೇಂಟ್ ಎಮಿಲಿಯೋನ್, ಪೊಮ್ರೋಲ್ ಕಡೆ ಜೇಡಿಯೂ ಸುಣ್ಣಕಲ್ಲೂ ಬೆರೆತ ನೆಲ. ಅಲ್ಲಿ ಮೆರ್ಲೋ ಎಂಬ ಮೆತ್ತನೆಯ ಹಣ್ಣು. ಎರಡು ನೀರು ಕೂಡಿ ಆ ಸೀಮೆ ಆಗಿದೆ. ನಮ್ಮದು ಅದರ ತಿರುವುಮುರುವು. ಬಿಸಿಲೆ ದಾರಿಯಲ್ಲೇ ಮಂಕನಹಳ್ಳಿ ಹತ್ತಿರ ರಿಡ್ಜ್ ಎಂದು ಬರೆದ ಕಲ್ಲೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ ಇಳಿದು ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆಗೆ ಇಳಿದು ಅರಬ್ಬೀ ಸಮುದ್ರಕ್ಕೆ.

ಎರಡು ಬಾಟಲಿಯನ್ನು ಆ ದೀಪಾವಳಿಗೇ ತೆಗೆದದ್ದಾಯಿತು. ಹಲಸಿನ ಎಳೆಗಾಯಿ ಕಚ್ಚಿದ ಹಾಗೆ ಬಾಯಿ ಬಿಗಿದುಕೊಂಡಿತ್ತು. ಇದು ಹತ್ತು ವರ್ಷ ಮಲಗಬೇಕಾದ ವೈನು, ಉಳಿದ ಎರಡನ್ನು ಮುಟ್ಟಬೇಡಿ ಎಂದು ಹೇಳಿ ಮಗ ವಾಪಸು ಹೋದ. ಅತ್ತೆ ಒಂದನ್ನು ಹಳೆ ಸೀರೆಯಲ್ಲಿ ಸುತ್ತಿ, ಬೆಲೆಬಾಳುವ ಎಲ್ಲವನ್ನೂ ಇಡುವ ಜಾಗದಲ್ಲೇ ಇಟ್ಟರು: ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ನೆಟ್ಟಗೆ ನಿಲ್ಲಿಸಿ. ಇನ್ನೊಂದನ್ನು ಮಾವ ಯಾರಿಗೋ ಕೊಡಬೇಕೆಂದು ಕಾಫಿ ಗೋದಾಮಿಗೆ ಒಯ್ದರು. ಅಲ್ಲಿ ಹಿಂದುಗಡೆ, ಉತ್ತರದ ಗುಡ್ಡಕ್ಕೆ ಒತ್ತಿಕೊಂಡ ಒಂದು ಕಲ್ಲುಗೋಡೆಯ ಕೋಣೆಯಿದೆ. ಕಿಟಕಿಯಿಲ್ಲ, ಕೆಳಗೆ ಚಪ್ಪಡಿ, ವರ್ಷವಿಡೀ ಶೀತ. ಪಾರ್ಚ್‌ಮೆಂಟ್ ಕಾಫಿಯ ಮೂಟೆಯನ್ನು ಅಲ್ಲಿಗೆ ಯಾರೂ ಸೇರಿಸುವುದಿಲ್ಲ. ಆ ಮೂಲೆಯಲ್ಲಿ ಬಾಟಲಿಯನ್ನು ಮಲಗಿಸಿಟ್ಟು ಮಾವ ಮರೆತೇಬಿಟ್ಟರು.

2024ರ ಜುಲೈ ಕೊನೆಯ ವಾರ. ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ, ಎಡಕುಮರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ಮಂಗಳೂರಿನ ಕಡೆಗೆ ಎರಡು ದಾರಿಯೂ ಕಟ್ಟಿದ್ದ ದಿನಗಳು. ನಾನು ಮಾವನ ಮನೆಯಲ್ಲೇ ಉಳಿದುಕೊಂಡೆ. ಕರೆಂಟು ಹೋಗಿ ಮೂರು ದಿನವಾಗಿತ್ತು. ಗೋದಾಮಿನ ಹೆಂಚು ಸೋರುತ್ತದೆಂದು ನೋಡಲು ಹೋದ ಮಾವ ಬರುವಾಗ ಕೈಯಲ್ಲಿ ಒಂದು ಬಾಟಲಿ ಹಿಡಿದಿದ್ದರು. ಲೇಬಲ್ಲು ಪೂರ್ತಿ ಬೂಷ್ಟು ಹಿಡಿದು ಕಪ್ಪಾಗಿತ್ತು, ಅರ್ಧ ಹುಳ ತಿಂದಿತ್ತು. ಅಂಗೈಯಲ್ಲಿ ಒರೆಸಿದರೆ ಕಾಗದವೇ ಉದುರಿ ಬಂತು. "ಇದು ಹೋಯ್ತು ಕಣೋ. ಅಟ್ಟದ್ದೊಂದು ಚೆನ್ನಾಗಿರಬೇಕು, ತಗಸು" ಎಂದರು.

ಅಟ್ಟದ ಬಾಟಲಿಯ ಲೇಬಲ್ಲು ನಿನ್ನೆ ಅಂಟಿಸಿದಂತಿತ್ತು. ಆದರೆ ಮೇಣದಬತ್ತಿಯ ಎದುರು ಹಿಡಿದಾಗ ಒಳಗಿನ ರಸ ಕೊರಳು ಬಿಟ್ಟು ಹೆಗಲಿಗಿಂತ ಕೆಳಗಿಳಿದಿತ್ತು. ಬಿರಡೆ ತುಸು ಮೇಲೆ ಉಬ್ಬಿ ಬಂದು, ಸುತ್ತ ಕಪ್ಪು ಅಂಟು ಒಣಗಿತ್ತು. ತಿರುಪು ಹಾಕುತ್ತಲೇ ಬಿರಡೆ ಒಣ ಬೆಂಡಿನಂತೆ ಪುಡಿಯಾಯಿತು. ಲೋಟಕ್ಕೆ ಬಿದ್ದದ್ದು ಕಂದು ಬಣ್ಣದ ರಸ, ಮೂಗಿಗೆ ಬಂದದ್ದು ಬೆಲ್ಲದ ಪಾಕ ತಳಹತ್ತಿದ ವಾಸನೆ, ನಾಲಿಗೆಯ ಮೇಲೆ ಹುಳಿ ಒಂದೇ. ಅತ್ತೆ ಕುಡಿಯುವವರಲ್ಲ, ಮೂಸಿ ನೋಡಿದರು. "ಹಳೇ ಹುಣಸೆಹಣ್ಣು ಕುದಿಸಿದಂಗೈತಲ್ಲಪ್ಪ" ಎಂದರು. ಅಷ್ಟು ಜೋಪಾನವಾಗಿ ಇಟ್ಟದ್ದು ಹಾಳಾಯಿತೆಂದು ಅವರಿಗೆ ನಿಜಕ್ಕೂ ನೋವಾಗಿತ್ತು.

ಅತ್ತೆಯದು ಏನೂ ತಪ್ಪಲ್ಲ. ಮಲೆನಾಡಿನ ಮನೆ ಕಟ್ಟಿರುವುದೇ ಶೀತದ ಮೇಲಿನ ಹೋರಾಟವಾಗಿ. ಏಲಕ್ಕಿ, ಕಾಳುಮೆಣಸು, ಬಿತ್ತನೆ ಬತ್ತ, ಒಣಮೀನು, ಉಪ್ಪು, ಕಂಬಳಿ, ಮದುವೆ ಸೀರೆ ಎಲ್ಲವನ್ನೂ ನಾವು ಕಾಪಾಡುವುದು ಬೆಚ್ಚಗೆ, ಒಣಗಿಸಿ, ಹೊಗೆ ಕೊಟ್ಟು. ಪಾರ್ಚ್‌ಮೆಂಟ್ ಹಲ್ಲಿಗೆ ಕಟಕ್ಕೆನ್ನುವವರೆಗೆ ಕಣದಲ್ಲಿ ಆರಬೇಕು, ತೇವ ನೂರಕ್ಕೆ ಹತ್ತು ಹನ್ನೊಂದಕ್ಕೆ ಇಳಿಯಬೇಕು, ಆಮೇಲೆ ಮಳೆಗಾಲದ ಗಾಳಿ ಸೋಕದಂತೆ ಹಲಗೆಯ ಮೇಲೆ ಅಟ್ಟಿ ಹಾಕಬೇಕು. ಅಟ್ಟವೆಂದರೆ ನಮಗೆ ತಿಜೋರಿ. ಆದರೆ ವೈನಿಗೆ ಬೇಕಾದದ್ದು ಇದಕ್ಕೆ ಪೂರಾ ವಿರುದ್ಧ. ನಾವು ಕೈಬಿಟ್ಟ ಜಾಗವೇ ಅದಕ್ಕೆ ಮನೆ: ಕತ್ತಲೆ, ತಂಪು, ತೇವ, ಯಾರೂ ಓಡಾಡದ ಮೂಲೆ. ಮಲೆನಾಡಿನಲ್ಲಿ ಬಾಟಲಿ ಇಡಬೇಕೆನ್ನುವವರು ಮೊದಲು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾಫಿ ಕಾದ ಬುದ್ಧಿಯನ್ನು ಇಲ್ಲಿ ತಲೆಕೆಳಗು ಮಾಡಬೇಕು.

ಯಾಕೆಂದರೆ ಬಿರಡೆಯೂ ಒಂದು ಮರದ ತೊಗಟೆ. ಪೋರ್ಚುಗಲ್ ಕಡೆಯ ಓಕ್ ಜಾತಿಯ ಮರದಿಂದ ಒಂಬತ್ತು ವರ್ಷಕ್ಕೊಮ್ಮೆ ಸುಲಿದ ತೊಗಟೆ ಅದು. ಬಾಟಲಿ ಮಲಗಿದ್ದರೆ ರಸ ತಾಗಿ ಬಿರಡೆ ನೆನೆದು ಉಬ್ಬಿಕೊಂಡಿರುತ್ತದೆ. ನಿಲ್ಲಿಸಿ, ಒಣ ಗಾಳಿಗೆ ಬಿಟ್ಟರೆ ಕುಗ್ಗಿ ಗಾಳಿಗೆ ದಾರಿ ಬಿಡುತ್ತದೆ. ಏಪ್ರಿಲ್ ಮೇ ಮಧ್ಯಾಹ್ನ ಹೆಂಚಿನ ಅಡಿಯ ಅಟ್ಟ ಮೂವತ್ತೈದು ಡಿಗ್ರಿ ದಾಟುತ್ತದೆ. ರಸ ಹಿಗ್ಗಿ ಬಿರಡೆಯನ್ನು ಹೊರಗೆ ದೂಡುತ್ತದೆ. ರಾತ್ರಿ ತಣಿದು ಕುಗ್ಗುವಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹತ್ತು ವರ್ಷ ಆ ಬಾಟಲಿ ಹೀಗೆ ಉಸಿರಾಡಿತ್ತು.

ಬೂಷ್ಟು ಹಿಡಿದದ್ದರ ಮೇಲೆ ಯಾರಿಗೂ ಆಸೆಯಿರಲಿಲ್ಲ. ಮೇಲಿನ ತಗಡು ಬಿಚ್ಚಿದರೆ ಬಿರಡೆಯ ತಲೆಯ ಮೇಲೂ ಕಪ್ಪು ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೊರಗಿನ ಬೂಷ್ಟು ಒಳಕ್ಕೆ ಹೋಗುವುದಿಲ್ಲ, ಕೋಣೆಯಲ್ಲಿ ತೇವ ಇತ್ತು ಎಂಬುದಕ್ಕೆ ಅದು ಸಾಕ್ಷಿ. ತಿರುಪಿಗೆ ಬಿರಡೆ ಸಲೀಸಾಗಿ, ಇಡಿಯಾಗಿ ಬಂತು. ಕೆಳತುದಿ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ರಸ ಇನ್ನೂ ಕೊರಳ ಬುಡದಲ್ಲೇ ಇತ್ತು.

ಹಳೆಯ ಕೆಂಪು ವೈನನ್ನು ಬಗ್ಗಿಸುವಾಗ ಬಾಟಲಿಯ ಕೊರಳ ಹಿಂದೆ ಒಂದು ಮೇಣದಬತ್ತಿ ಹಚ್ಚಿಡುವುದು ಬೋರ್ಡೋದಲ್ಲಿ ಹಳೆಯ ಪದ್ಧತಿ. ನಮ್ಮಲ್ಲಿ ಕರೆಂಟೇ ಇಲ್ಲದ್ದರಿಂದ ಬತ್ತಿ ಆಗಲೇ ಉರಿಯುತ್ತಿತ್ತು. ಮಲಗಿದ್ದ ಬಾಟಲಿಯನ್ನು ಒಂದು ಗಂಟೆ ನೆಟ್ಟಗೆ ನಿಲ್ಲಿಸಿ ಗಸಿ ಇಳಿಯಲು ಬಿಟ್ಟೆವು. ಒಂದು ದಿನ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಅತ್ತೆಯ ಗಾಜಿನ ಜಗ್ಗಿಗೆ, ಕೈ ಅಲುಗಿಸದೆ, ಎಣ್ಣೆ ಬಗ್ಗಿಸುವಂತೆ ಸಣ್ಣಗೆ ಬಗ್ಗಿಸಿದೆ. ಬೆಳಕಿನ ಎದುರು ಕೊರಳಲ್ಲಿ ತಿಳಿಯಾದ ಮಾಣಿಕ್ಯದ ಬಣ್ಣ ಹರಿಯುತ್ತಿತ್ತು. ಕೊನೆಗೆ ಹೊಗೆಯ ಎಳೆಯಂತೆ ಒಂದು ಕಪ್ಪು ರೇಖೆ ಹೆಗಲ ಹತ್ತಿರ ಕಾಣಿಸಿತು, ಅಲ್ಲಿಗೆ ನಿಲ್ಲಿಸಿದೆ. ಬಾಟಲಿಯಲ್ಲಿ ಉಳಿದದ್ದು ಎರಡು ಬೆರಳು ಗಸಿ. ಕಾಫಿ ಫಿಲ್ಟರಿನ ಚರಟದಷ್ಟು ದಪ್ಪವಲ್ಲ, ಒಲೆಯ ಬೂದಿಯಷ್ಟು ನುಣುಪು.

ಲೋಟದ ಮೂರನೆಯ ಒಂದು ಭಾಗ ಮಾತ್ರ ತುಂಬಿಸಿ, ಬಿಳಿ ಪಂಚೆಯ ಮೇಲೆ ಓರೆಯಾಗಿ ಹಿಡಿದು ನೋಡಿದೆವು. ನಡುವೆ ಗಾಢ ಕೆಂಪು, ಅಂಚಿಗೆ ಬರುತ್ತ ಸುಟ್ಟ ಇಟ್ಟಿಗೆಯ ಬಣ್ಣ. ಎಳೆಯ ಬೋರ್ಡೋದ ಅಂಚು ಬದನೆಕಾಯಿಯ ನೀಲಿಗೆ ತಿರುಗಿರುತ್ತದೆ. ವಯಸ್ಸಾದಂತೆ ಅದು ಕೆಂಪಾಗಿ, ಇಟ್ಟಿಗೆಯಾಗಿ, ಕೊನೆಗೆ ಕಂದಾಗುತ್ತದೆ. ಲೇಬಲ್ಲು ಹುಳ ತಿಂದ ಬಾಟಲಿಯ ವಯಸ್ಸನ್ನೂ ಈ ಅಂಚು ಹೇಳಿಬಿಡುತ್ತದೆ. ಲೇಬಲ್ಲು ಇಲ್ಲದ್ದು ನನಗೆ ಒಳ್ಳೆಯದೇ ಅನ್ನಿಸಿತು. ಬೋರ್ಡೋ ಎಂದೊಡನೆ ಜನ ಹೇಳುವುದು 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ವೈನ್ ದಲ್ಲಾಳಿಗಳು ಅಂದಿನ ಬೆಲೆ ನೋಡಿ ಮಾಡಿದ ಐದು ದರ್ಜೆಗಳ ಪಟ್ಟಿಯನ್ನು. ಅದರ ಮೊದಲ ದರ್ಜೆಗೆ ಆಮೇಲೆ ಬಡ್ತಿ ಸಿಕ್ಕಿದ್ದು 1973ರಲ್ಲಿ ಮೂತೋನ್ ರಾಥ್‌ಶೀಲ್ಡ್ ಒಂದಕ್ಕೆ ಮಾತ್ರ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗಿಂತ ಒಂದು ಲೋಟವನ್ನು ಅರ್ಧ ಗಂಟೆ ಮೂಸಿ ನೋಡಿದವರಿಗೆ ವೈನು ಹೆಚ್ಚು ಗೊತ್ತಾಗುತ್ತದೆ.

ಮೊದಲು ಮೂಸಿದಾಗ ಮುಚ್ಚಿಟ್ಟ ಪೆಟ್ಟಿಗೆ ತೆಗೆದ ವಾಸನೆ, ಅಷ್ಟೇ. ಲೋಟವನ್ನು ಎರಡು ಸುತ್ತು ತಿರುಗಿಸಿ, ಜಗಲಿಯ ತಂಡಿಗಾಳಿಯಲ್ಲಿ ಹತ್ತು ನಿಮಿಷ ಬಿಟ್ಟೆವು. ಕೋಣೆಯ ಉಷ್ಣಾಂಶ ಇಪ್ಪತ್ತಿತ್ತು. ಇಂಥ ವೈನಿಗೆ ಹದಿನಾರರಿಂದ ಹದಿನೆಂಟು ಹದ. ಅದಕ್ಕಿಂತ ಬೆಚ್ಚಗಿದ್ದರೆ ಮದ್ಯದ ಘಾಟು ಮುಂದೆ ಬಂದು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಎರಡನೇ ಸಲ ಮೂಸಿದಾಗ ನೇರಳೆ ಹಣ್ಣು ಬಂತು. ಅದರ ಹಿಂದೆ ಚೂಪು ಮಾಡಿದ ಪೆನ್ಸಿಲ್ಲಿನ ಚೆಕ್ಕೆ. ಅದೂ ಹಿಂದೆ ಸರಿದ ಮೇಲೆ ಒಣಗಿದ ಹೊಗೆಸೊಪ್ಪು, ಹಳೆ ತೊಗಲು. ಕೊನೆಗೆ, ಎಲ್ಲದರ ಕೆಳಗೆ, ಬಿಸಿಲೆ ಕಾಡಿನ ನೆಲ. ಒದ್ದೆ ತರಗೆಲೆ ಸರಿಸಿ ಅಣಬೆ ಕೀಳುವಾಗ ಮೂಗಿಗೆ ಹೊಡೆಯುವ ಆ ಮಣ್ಣಿನ ವಾಸನೆ. ಬೋರ್ಡೋ ಹಣ್ಣಾದಾಗ ಕಾಡಿನ ನೆಲದ ವಾಸನೆ ಬರುತ್ತದೆಂದು ಫ್ರೆಂಚರೂ ಹೇಳುತ್ತಾರೆ. ಅವರು ಹೇಳುವ ಕಾಡು ಓಕ್ ಮರಗಳದು. ಆ ರಾತ್ರಿ ನಮಗೆ ಜಗಲಿಯ ಆಚೆಗೇ ಹೋಲಿಕೆ ಇತ್ತು.

ವೈನಿನ ರುಚಿಯ ಬಗ್ಗೆ ನಮ್ಮಲ್ಲಿ ಬರೆಯುವವರು ಬ್ಲ್ಯಾಕ್‌ಕರೆಂಟ್, ಸೀಡರ್ ಎಂದು ಬರೆಯುತ್ತಾರೆ. ಬ್ಲ್ಯಾಕ್‌ಕರೆಂಟ್ ಹಣ್ಣನ್ನು ಗಿಡದಿಂದ ಕಿತ್ತು ತಿಂದವರು ಹಾಸನ ಜಿಲ್ಲೆಯಲ್ಲಿ ಎಷ್ಟು ಜನ? ನೇರಳೆಯನ್ನು ತಿನ್ನದವರು ಯಾರು? ನಾಲಿಗೆಗೆ ನೆನಪಿರುವ ಹಣ್ಣನ್ನೇ ಹೇಳಬೇಕು. ರುಚಿಯ ವಿಷಯದಲ್ಲಿ ಕನ್ನಡ ಎಷ್ಟು ಸಿರಿವಂತ ಎಂದು ನನಗೆ ಮನವರಿಕೆಯಾದದ್ದು ಒಗರು ಎಂಬ ಒಂದೇ ಮಾತಿನಿಂದ. ಬೋರ್ಡೋ ಕೆಂಪಿನ ಬೆನ್ನೆಲುಬಾದ ಟ್ಯಾನಿನ್ ಎಂದರೆ ಇದೇ ಒಗರು. ಕಹಿ ಬೇರೆ, ಒಗರು ಬೇರೆ ಎಂಬುದನ್ನು ಬೇರೆ ಕಡೆ ವೈನ್ ಕಲಿಯುವವರಿಗೆ ಹೇಳಿಕೊಡಬೇಕಾಗುತ್ತದೆ. ನೆಲ್ಲಿಕಾಯಿ, ಬಾಳೆಕಾಯಿ, ಹಸಿ ಅಡಿಕೆ ತಿಂದು ಬೆಳೆದ ನಮ್ಮ ಮಕ್ಕಳಿಗೆ ಅದು ಶಾಲೆಗೆ ಹೋಗುವ ಮೊದಲೇ ಗೊತ್ತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ನೀರಿಗೆ ಮಲೆನಾಡಿನಲ್ಲಿ ಚೊಗರು ಎನ್ನುತ್ತಾರೆ. ಅದರ ಬಣ್ಣವೂ ಒಗರೂ ಇದೇ ಟ್ಯಾನಿನ್‌ನದು.

ಒಗರು ಒಂದು ರುಚಿ ಎನ್ನುವುದಕ್ಕಿಂತ ಮುಟ್ಟುವಿಕೆ ಎನ್ನಬೇಕು. ಎಂಜಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದು ಗಂಟು ಹಾಕುತ್ತದೆ. ಬಾಯಿಯ ಜಾರಿಕೆ ಹೋಗಿ, ಒಸಡು ನಾಲಿಗೆಗಳೆರಡೂ ಬಿಗಿಯುತ್ತವೆ. ಟೀಗೆ ಹಾಲು ಹಾಕಿದರೆ ಒಗರು ತಗ್ಗುವುದೂ ಇದೇ ಕಾರಣಕ್ಕೆ, ಹಾಲಿನ ಪ್ರೋಟೀನು ಎಂಜಲಿನ ಬದಲು ತಾನು ಸಿಕ್ಕಿಕೊಳ್ಳುತ್ತದೆ. ಬೋರ್ಡೋ ಜೊತೆಗೆ ಮಾಂಸ, ಗಿಣ್ಣು ತಿನ್ನುವ ವಾಡಿಕೆಯ ಹಿಂದೆಯೂ ಇದೇ ಲೆಕ್ಕ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಒಂದಷ್ಟು, ಆಮೇಲೆ 225 ಲೀಟರಿನ ಓಕ್ ಪೀಪಾಯಿಯಿಂದ ಇನ್ನೊಂದಷ್ಟು ಟ್ಯಾನಿನ್ ವೈನಿಗೆ ಇಳಿಯುತ್ತದೆ. ಬಾಟಲಿಯಲ್ಲಿ ವರ್ಷಗಟ್ಟಲೆ ಮಲಗಿದಾಗ ಆ ಟ್ಯಾನಿನ್ ತನ್ನಷ್ಟಕ್ಕೂ ಬಣ್ಣದ ಕಣಗಳ ಜೊತೆಗೂ ಕೊಂಡಿ ಹಾಕಿಕೊಳ್ಳುತ್ತದೆ. ಕೆಲವು ಭಾರವಾಗಿ ತಳಕ್ಕೆ ಕೂರುತ್ತವೆ, ನಾನು ಬಾಟಲಿಯಲ್ಲೇ ಬಿಟ್ಟ ಗಸಿ ಅದೇ. ಉಳಿದದ್ದು ಬಾಯಿಗೆ ಮೆತ್ತಗಾಗುತ್ತದೆ. 2014ರ ದೀಪಾವಳಿಗೆ ಹಲಸಿನ ಎಳೆಗಾಯಿಯಂತೆ ಕಚ್ಚಿದ್ದ ವೈನು ಈಗ ಹಳೆ ಕಂಬಳಿಯ ಮೈಯಂತೆ ನಾಲಿಗೆಯ ಮೇಲೆ ಸರಿಯಿತು. ನುಂಗಿದ ಮೇಲೂ ಬಹಳ ಹೊತ್ತು ಇತ್ತು.

ಇಡುವುದರ ಬಗ್ಗೆ ಹೇಳಬೇಕು, ಯಾಕೆಂದರೆ ನಮ್ಮ ಕಡೆ ತೋಟದ ಮನೆಗಳಿಗೆ ಹೊರದೇಶದಿಂದ ಮಕ್ಕಳು ತಂದ ಬಾಟಲಿಗಳು ಎಷ್ಟೋ ಈ ಅಟ್ಟಗಳಲ್ಲೇ ಬೇಯುತ್ತಿವೆ. ವೈನಿಗೆ ಹನ್ನೆರಡರಿಂದ ಹದಿನಾಲ್ಕು ಡಿಗ್ರಿ, ಎಪ್ಪತ್ತರ ಆಸುಪಾಸಿನ ತೇವಾಂಶ ಒಳ್ಳೆಯದೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆ ಹದಿಮೂರು ಎಲ್ಲಿಂದ ಬಂತು? ನೆಲದೊಳಗೆ ಕೆಲವು ಮೀಟರ್ ಇಳಿದರೆ ಬೇಸಿಗೆ, ಚಳಿಯ ಏರಿಳಿತ ನಿಂತುಹೋಗುತ್ತದೆ; ಅಲ್ಲಿನ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಬಂದು ನಿಲ್ಲುತ್ತದೆ. ಬೋರ್ಡೋದ ಸರಾಸರಿ ಹದಿಮೂರು ಹದಿನಾಲ್ಕು. ಸಕಲೇಶಪುರ ಸೀಮೆಯದು ಇಪ್ಪತ್ತರ ಮೇಲೆ ಒಂದೆರಡು. ಹಾಗಾಗಿ ಬಿಸಿಲೆಯಲ್ಲಿ ಎಷ್ಟೇ ಆಳಕ್ಕೆ ಅಗೆದರೂ ಬೋರ್ಡೋದ ನೆಲಮಾಳಿಗೆ ಸಿಗುವುದಿಲ್ಲ. ಸಿಗುವುದು ಒಂದೇ ಸಮನಾದ ಇಪ್ಪತ್ತು, ಇಪ್ಪತ್ತೆರಡು. ಆ ಶಾಖದಲ್ಲಿ ವೈನು ಕೆಡುವುದಿಲ್ಲ, ಬೇಗ ಹಣ್ಣಾಗುತ್ತದೆ. ಅಲ್ಲಿ ಇಪ್ಪತ್ತು ವರ್ಷ ಬೇಡುವ ಬಾಟಲಿಯನ್ನು ಇಲ್ಲಿ ಇಪ್ಪತ್ತು ವರ್ಷ ಕಾಯಬಾರದು. ಮಾವನ ಬಾಟಲಿ ಹತ್ತಕ್ಕೇ ತುದಿ ಮುಟ್ಟಿತ್ತು. ಇನ್ನು ಮೂರು ವರ್ಷ ಬಿಟ್ಟಿದ್ದರೆ ಇಳಿಜಾರು ಹಿಡಿಯುತ್ತಿತ್ತು ಎಂದು ನನಗೆ ಅನ್ನಿಸಿತು. ಏರಿಳಿತವೇ ದೊಡ್ಡ ಶತ್ರು. ಸ್ಥಿರವಾದ ಇಪ್ಪತ್ತು, ದಿನಕ್ಕೆ ಹತ್ತು ಡಿಗ್ರಿ ಏರಿಳಿಯುವ ಹದಿನೈದಕ್ಕಿಂತ ಮೇಲು.

ನೆಲದೊಳಗೆ ಕಾಪಿಡುವುದು ನಮಗೇನೂ ಹೊಸತಲ್ಲ. ಬಯಲುಸೀಮೆಯ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಮಣ್ಣಿನಡಿ ಇಡುತ್ತಿದ್ದರು. ಬರಗಾಲದಲ್ಲಿ ಊರನ್ನು ಉಳಿಸಿದ್ದು ಅದೇ ಹಗೇವು. ಬಿಸಿಲೆ ಕಡೆ ಹಗೇವು ಇರಲಿಲ್ಲ, ಆಷಾಢದಲ್ಲಿ ಎಲ್ಲಿ ಅಗೆದರೂ ಜಲ. ಬೋರ್ಡೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 900 ಮಿ.ಮೀ. ಇಲ್ಲಿ ಮಳೆ ಕಟ್ಟಿ ಹಿಡಿದ ಜುಲೈ ಒಂದೇ ತಿಂಗಳು ಅದನ್ನು ಮೀರುತ್ತದೆ. ಆದರೆ ಮೆದೋಕ್ ಕೂಡ ಅಳಿವೆಯ ಪಕ್ಕದ ತಗ್ಗು ನೆಲ, ಅಗೆದರೆ ನೀರು. ಅದಕ್ಕೇ ಅಲ್ಲಿಯ ಪೀಪಾಯಿಗಳು ಹೆಚ್ಚಾಗಿ ಮಲಗಿರುವುದು ನೆಲದ ಮೇಲೆ ಕಟ್ಟಿದ, ದಪ್ಪ ಗೋಡೆಯ, ಉದ್ದನೆಯ ಗೋದಾಮುಗಳಲ್ಲಿ. ನೆಲದಡಿಯ ಮಾಳಿಗೆಗಳು ಸೇಂಟ್ ಎಮಿಲಿಯೋನ್‌ನ ಹಳೆಯ ಸುಣ್ಣಕಲ್ಲಿನ ಗಣಿಗಳಲ್ಲಿವೆ. ಮಾವನ ಗೋದಾಮಿನ ಹಿಂಗೋಣೆ ತಿಳಿಯದೆಯೇ ಮೆದೋಕ್‌ನ ದಾರಿಯಲ್ಲಿತ್ತು.

ಈ ತಂಪಿನ ಗುಟ್ಟು ಕಣ್ಣಾರೆ ಕಾಣಬೇಕೆಂದರೆ ದೋಣಿಗಾಲ್ ಹತ್ತಿರದ ಮಂಜರಾಬಾದ್ ಕೋಟೆಗೆ ಹೋಗಬೇಕು. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ನಡುವಿನ ಬಾವಿಯ ಹತ್ತಿರ ಮದ್ದಿನ ಮನೆ ಎನ್ನುವ ನೆಲಮಾಳಿಗೆಗಳಿವೆ. ಏಪ್ರಿಲ್ ಮಧ್ಯಾಹ್ನ ಹೊರಗೆ ಕಲ್ಲು ಕಾಯುತ್ತಿದ್ದರೂ ಮೆಟ್ಟಿಲು ಇಳಿದರೆ ಮೈ ತಣ್ಣಗಾಗುತ್ತದೆ. ನಕ್ಷತ್ರಾಕಾರದ ಕೋಟೆಯ ಈ ಮಾದರಿಯನ್ನು ಯುರೋಪಿನಲ್ಲಿ ಪಳಗಿಸಿದವರು ಫ್ರಾನ್ಸಿನ ವೋಬಾನ್. ಅವರು 1680ರ ದಶಕದಲ್ಲಿ ಬೋರ್ಡೋ ಬಂದರನ್ನು ಕಾಯಲೆಂದು ಜಿರೋಂದ್ ಅಳಿವೆಯ ದಂಡೆಯ ಬ್ಲೇಯ್‌ನಲ್ಲಿ ಕಟ್ಟಿಸಿದ ಕೋಟೆ ಈಗ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅದರ ಸುತ್ತಲೂ ದ್ರಾಕ್ಷಿ ತೋಟ. ನಮ್ಮ ನಕ್ಷತ್ರದ ಸುತ್ತ ಕಾಫಿ.

ಒಂದು ಎಚ್ಚರಿಕೆ. ತೇವ ಬೇಕು ಎಂದ ಮಾತ್ರಕ್ಕೆ ಯಾವ ಮೂಲೆಯೂ ಆಗುತ್ತದೆಂದಲ್ಲ. ಕೆಲವು ಬಾಟಲಿ ತೆಗೆದಾಗ ನೆಂದ ರಟ್ಟಿನ, ಮುಗ್ಗಿದ ಗೋಣಿಚೀಲದ ವಾಸನೆ ಹೊಡೆಯುತ್ತದೆ. ಹಣ್ಣಿನ ಪರಿಮಳ ಸತ್ತಿರುತ್ತದೆ. ಕೆಡುಕು ಬಿರಡೆಯದು, ಟ್ರೈಕ್ಲೋರೋಅನಿಸೋಲ್ ಎಂಬ ವಸ್ತುವಿನದು. ಕ್ಲೋರಿನ್ ಇರುವ ಪದಾರ್ಥಕ್ಕೆ ಬೂಷ್ಟು ಸೇರಿದಾಗ ಇದು ಹುಟ್ಟುತ್ತದೆ. ಕಾಫಿ ರುಚಿ ನೋಡುವವರಿಗೆ ಈ ವಾಸನೆ ಬೇರೆ ಹೆಸರಲ್ಲಿ ಗೊತ್ತು. ಬ್ರೆಜಿಲ್ ಕಾಫಿಯ ರಿಯೋ ದೋಷ ಎಂದು ಕರೆಯುವುದರ ಹಿಂದೆ ಇರುವುದೂ ಇದೇ ಅಣು. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚುವುದು ರೂಢಿ. ಬಾಟಲಿ ಇಟ್ಟ ಕೋಣೆಗೆ ಮಾತ್ರ ಅದನ್ನು ತರಬೇಡಿ. ಗೊಬ್ಬರ, ಸೀಮೆಎಣ್ಣೆ, ತೋಟದ ಮದ್ದು, ಏಲಕ್ಕಿ ಮೂಟೆ ಇವುಗಳ ಪಕ್ಕವೂ ಬೇಡ. ರಟ್ಟಿನ ಪೆಟ್ಟಿಗೆಗೆ ಗೆದ್ದಲು ಬರುತ್ತದೆ, ಕಲ್ಲುಚಪ್ಪಡಿಯ ಮೇಲೆ ಬರಿದೇ ಮಲಗಿಸಿ. ಲೇಬಲ್ಲು ಉಳಿಯಬೇಕೆಂದರೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಸಾಕು. ದುಡ್ಡಿದ್ದವರು ವೈನಿನ ಕಪಾಟು ತಂದಿಡುತ್ತಾರೆ. ಕರೆಂಟು ಹೋಗುವ ಊರಿಗೆ ಅದು ಹೇಗೆ ಎಂದು ಕೇಳುವವರಿದ್ದಾರೆ. ಕರೆಂಟು ವಾರಗಟ್ಟಲೆ ಹೋಗುವುದು ಜುಲೈ ಆಗಸ್ಟಿನಲ್ಲಿ, ಆಗ ಹೊರಗೇ ತಂಪು. ಕಾಯಬೇಕಾದದ್ದು ಮಾರ್ಚಿನಿಂದ ಮೇವರೆಗೆ.

ಇಷ್ಟಕ್ಕೆಲ್ಲ ಫ್ರಾನ್ಸಿನ ಬಾಟಲಿಯೇ ಬೇಕೆಂದೇನೂ ಇಲ್ಲ. ಬಿಸಿಲೆಯ ಮಳೆಯಲ್ಲಿ ದ್ರಾಕ್ಷಿ ಬೆಳೆಯುವ ಮಾತಿಲ್ಲ. ಆದರೆ ನಂದಿಬೆಟ್ಟದ ತಪ್ಪಲಲ್ಲಿ ಕಂವಲ್ ಗ್ರೋವರ್ ಫ್ರೆಂಚ್ ತಳಿಯ ಬಳ್ಳಿಗಳನ್ನು ಬೇರೂರಿಸಿದರು. ಪೊಮ್ರೋಲ್‌ನ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ 1990ರ ದಶಕದಲ್ಲಿ ಅಲ್ಲಿಗೆ ಬಂದು ಸಲಹೆ ಕೊಡತೊಡಗಿದರು. ಅಲ್ಲಿಯ ಲಾ ರಿಸರ್ವ್, ಕ್ಯಾಬರ್ನೆ ಸೋವಿನ್ಯೋಗೆ ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಮಲಗಿಸಿದ ವೈನು. ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಬಾರಿ ಕತ್ತರಿಸಿ, ಮಳೆ ಹಿಂದೆ ಬಿದ್ದ ಮೇಲಿನ ಫಸಲನ್ನು ಫೆಬ್ರವರಿಯಿಂದ ಏಪ್ರಿಲ್‌ನೊಳಗೆ ಕೊಯ್ಯುತ್ತಾರೆ. ಆ ವೈನಿಗೆ ಬೋರ್ಡೋದಷ್ಟು ದೀರ್ಘಾಯುಸ್ಸು ಇಲ್ಲ. ನಾಲ್ಕೈದು ವರ್ಷ ತಣ್ಣನೆ ಮೂಲೆ ಕೊಟ್ಟರೆ ಅದರ ಒಗರೂ ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ. ಬೋರ್ಡೋದಲ್ಲೂ ಹೆಚ್ಚಿನ ಪಾಲು ವೈನು ನಾಲ್ಕಾರು ವರ್ಷದೊಳಗೆ ಕುಡಿಯಲೆಂದೇ ಆದದ್ದು. ದಶಕಗಟ್ಟಲೆ ಬಾಳುವುದು ಒಳ್ಳೆಯ ವರ್ಷದ, ಒಳ್ಳೆಯ ತೋಟದ ಸ್ವಲ್ಪ ಭಾಗ ಮಾತ್ರ.

ಆ ರಾತ್ರಿ ಊಟಕ್ಕೆ ಅಕ್ಕಿರೊಟ್ಟಿ, ನಾಟಿಕೋಳಿ. ಅತ್ತೆ ಹಸಿಮೆಣಸಿನ ಖಾರ ಬಿಟ್ಟು, ತೋಟದ ಕಾಳುಮೆಣಸನ್ನೇ ಕುಟ್ಟಿ ಹಾಕಿ ಒಣಗಲು ಹುರಿದಿದ್ದರು. ಒಗರಿನ ಜೊತೆ ಮೆಣಸಿನಕಾಯಿ ಖಾರ ಜಗಳವಾಡುತ್ತದೆ, ಬಾಯಿ ಉರಿದು ವೈನಿನ ಹಣ್ಣೇ ಸಿಗುವುದಿಲ್ಲ. ಕಾಳುಮೆಣಸಿಗೆ ಅದು ಹೊಂದುತ್ತದೆ. ಮಾವ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಅರ್ಧ ಗಂಟೆಯ ಮೇಲೆ ಮತ್ತೆ ಮೂಸಿ, "ಇದು ಬದಲಾಗ್ತಾ ಇದೆ ಕಣೋ. ಮೊದ್ಲಿದ್ದ ವಾಸ್ನೆ ಈಗಿಲ್ಲ" ಎಂದರು. ಅವರು ಹೇಳಿದ್ದು ಸರಿ. ನೇರಳೆ ಹಿಂದೆ ಸರಿದು ಏಲಕ್ಕಿ ಸಿಪ್ಪೆಯಂಥದೊಂದು ಮುಂದೆ ಬಂದಿತ್ತು. ನಲವತ್ತು ವರ್ಷ ಕಾಫಿ ಕಣದಲ್ಲಿ ಬೀಜ ಮೂಸಿದ ಮೂಗು ಅದು.

ಮರುವಾರ ದಾರಿ ಬಿಟ್ಟ ಮೇಲೆ ಬೆಂಗಳೂರಿಗೆ ಹೋಗಿ ನಂದಿಯ ಎರಡು ಬಾಟಲಿ ತಂದುಕೊಟ್ಟೆ. ಕಾಫಿ ಮೂಟೆಗೆ ಕಟ್ಟುವ ಚೀಟಿಯನ್ನೇ ಕೊರಳಿಗೆ ಕಟ್ಟಿ ಅತ್ತೆ ತಮ್ಮ ಕೈಯಾರೆ 2024 ಎಂದು ಬರೆದರು. ಎರಡೂ ಈಗ ಹಿಂಗೋಣೆಯ ಚಪ್ಪಡಿಯ ಮೇಲೆ, ಗೋಡೆಗೆ ತಲೆ ಮಾಡಿ ಮಲಗಿವೆ. 2028ರ ಮಳೆಗಾಲಕ್ಕೆ ಒಂದನ್ನು ತೆಗೆಯಬೇಕೆಂದು ಮಾವನ ಲೆಕ್ಕ. ಮಗ ಬರುವ ವರ್ಷಕ್ಕೆ ಇನ್ನೊಂದು. ಆ ಕೋಣೆಯ ಬಾಗಿಲಿಗೆ ಅತ್ತೆ ಈಗ ಬೀಗ ಹಾಕುತ್ತಾರೆ. ಬೀಗದ ಕೈ ಇರುವುದು ಅಟ್ಟದಲ್ಲಿ.